ಪೇಟಿ ಬರಲ್ಲ ಅಂತ ಭಜನಿಗೆ ಹೋಗೋದು ಬಿಡಬ್ಯಾಡ್ರಿ

ಆರ್ಕೆಸ್ಟ್ರಾ ಅಂದರೆ ಕಲಬುರಗಿಯಲ್ಲಿ ಜಾತ್ರೆಯ ಸ್ಟೇಜು, ಸಿನಿಮಾ ಹಾಡು, ಕಿವಿ ಗುಂಯ್‌ಗುಡುವ ಬಾಕ್ಸು. ದುಡ್ಡು ಕೊಟ್ಟು ಕರೆಸುವಂಥದ್ದು. ಆದರೆ ಬಂದವರನ್ನೆಲ್ಲ ಕೂಡಿಸಿಕೊಂಡು ನುಡಿಸುವ ಮೇಳ ನಮ್ಮ ಓಣಿಗಳಲ್ಲಿ ಮೊದಲಿಂದ ಇದೆ, ಭಜನಾ ಮಂಡಳಿ ಅಂತ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪನವರೂ ಇದ್ದರು, ಚೆನ್ನೂರ ಜಲಾಲಸಾಹೇಬರೂ ಇದ್ದರು. ಆ ಪದ ಹಾಡುವ ಮೇಳಕ್ಕೆ ಸಂಗೀತ ಪರೀಕ್ಷೆಯ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ.

"ಯಾರು ಬೇಕಾದ್ರೂ ಬರ್ರಿ" ಅನ್ನುವುದು ಸುಲಭ. ಹೊಸಬರು ಎರಡು ವಾರ ಬಂದು ಮೂರನೇ ವಾರ ನಾಪತ್ತೆ. ಯಾರೂ ಅವರನ್ನು ಓಡಿಸಿರುವುದಿಲ್ಲ, ಶ್ರುತಿ ಓಡಿಸಿರುತ್ತದೆ. ಮುಖ್ಯ ಹಾಡುಗಾರರ ಗಂಟಲಿಗೆ ಒಪ್ಪುವ ಮನೆಯಲ್ಲೇ (ಕೀಲಿಯಲ್ಲೇ) ಪೇಟಿ, ಅಂದರೆ ಹಾರ್ಮೋನಿಯಂ, ಹಿಡಿಯುತ್ತಾರೆ, ಉಳಿದವರು ಒಂದೋ ಚೀರಬೇಕು, ಇಲ್ಲವೇ ಗೊಣಗಬೇಕು. ಹಾಡಿ ಪಳಗದ ಗಂಡಸರಿಗೆ ಸಾಮಾನ್ಯವಾಗಿ ಕಾಳಿ ಒಂದು, ಅಂದರೆ ಮೊದಲ ಕರಿ ಮನೆ, ಸರಿ, ಹೆಣ್ಣುಮಕ್ಕಳಿಗೆ ಕಾಳಿ ನಾಲ್ಕರ ಆಸುಪಾಸು. ಇವೆರಡರ ನಡುವೆ ಕರಿ ಬಿಳಿ ಎಲ್ಲ ಸೇರಿ ಸರಿಯಾಗಿ ಏಳು ಮನೆಯ ಅಂತರ. ಅಂದರೆ ಗಂಡಸರ ಪಂಚಮವೇ (ಪ) ಹೆಣ್ಣುಮಕ್ಕಳ ಷಡ್ಜ (ಸ). ಈ ಲೆಕ್ಕ ಕೈಗೆ ಸಿಕ್ಕರೆ ಅರ್ಧ ಜಗಳ ಮುಗಿದಂತೆ. ಹೆಣ್ಣುಮಕ್ಕಳು ಮುಂದಾಗಿ ಹಾಡುವ ಪದಕ್ಕೆ ಪೇಟಿಯವರು ಕಾಳಿ ನಾಲ್ಕಕ್ಕೆ ಹೋಗಬೇಕು, ಗಂಡಸರ ಪದಕ್ಕೆ ಕಾಳಿ ಒಂದಕ್ಕೆ ಮರಳಬೇಕು. ತಬಲಾ ಜೋಡಿಯಲ್ಲಿ ಬಲಗೈಯಿಂದ ಬಾರಿಸುವುದನ್ನು ಕಾಳಿ ನಾಲ್ಕಕ್ಕೇ ಕೂಡಿಸಿಟ್ಟರೆ ಒಂದೇ ತಬಲಾ ಎರಡಕ್ಕೂ ಸಾಕು: ಹೆಣ್ಣುಮಕ್ಕಳಿಗೆ ಷಡ್ಜ, ಗಂಡಸರಿಗೆ ಪಂಚಮ. ಕೆಡುವುದು ಮಾಲಕಂಸದಂಥ ಪಂಚಮವೇ ಇಲ್ಲದ ರಾಗದಲ್ಲಿ ಗಂಡಸರು ಹಾಡುವಾಗ ಮಾತ್ರ. ಅಂಥ ಪದವನ್ನು ಹೆಣ್ಣುಮಕ್ಕಳಿಗೇ ಬಿಟ್ಟುಕೊಡಿ.

ಪೇಟಿಯನ್ನು ಕೂತಲ್ಲಿ ಶ್ರುತಿ ಮಾಡಲು ಬರುವುದಿಲ್ಲ. ಆದ್ದರಿಂದ ಉಳಿದದ್ದೆಲ್ಲ ಪೇಟಿಗೇ ಕೂಡಬೇಕು, ಪೇಟಿ ಯಾರಿಗೂ ಕೂಡುವುದಿಲ್ಲ. ಹಳೆಯ ಪೇಟಿಯ ರೀಡು ಒಂದಿಷ್ಟು ಏರಿರುತ್ತದೆ ಅಥವಾ ಇಳಿದಿರುತ್ತದೆ. ಎರಡು ಪೇಟಿ ಒಟ್ಟಿಗೆ ಇಟ್ಟರೆ ಸ್ವರ ನಡುಗುತ್ತದೆ, ಒಂದೇ ಸಾಕು. ಹುಡುಗರು ಕೀಬೋರ್ಡ್ ತಂದರೆ ಬೇಡ ಅನ್ನಬೇಡಿ, ಅದರಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಸೆಟ್ಟಿಂಗ್ ಇರುತ್ತದೆ. ಮೊದಲ ಪದಕ್ಕೆ ಮುಂಚೆ ಪೇಟಿಯ ಷಡ್ಜ ಹಿಡಿದು ಅದಕ್ಕೆ ಕೂಡಿಸಲಿ.

ಹೊಸಬರು ಯಾವ ವಾದ್ಯ ಹಿಡಿಯಬೇಕು? ತಾಳ, ಅಂದರೆ ದಾರ ಕಟ್ಟಿದ ಎರಡು ಲೋಹದ ಬಟ್ಟಲು. ಪೇಟಿ ಕೊಳ್ಳಲು ಓಡಬೇಡಿ. ತಾಳ ಅಗ್ಗದ್ದು, ಅದರಿಂದ ಅಪಾಯವೂ ಇಲ್ಲ ಅಂತ ಜನ ತಿಳಿದಿದ್ದಾರೆ. ಎರಡನೆಯದು ತಪ್ಪು. ಇಡೀ ಮೇಳದಲ್ಲಿ ಎಲ್ಲಕ್ಕಿಂತ ಹರಿತವಾಗಿ ಕೇಳುವುದು ತಾಳವೇ, ಅದು ಓಡಿದರೆ ತಬಲಾ ಬೆನ್ನು ಹತ್ತುತ್ತದೆ. ದಾರವನ್ನು ಸಡಿಲವಾಗಿ ಹಿಡಿಯಿರಿ, ಬಟ್ಟಲಿಗೆ ಬೆರಳು ತಾಕಬಾರದು. ಎರಡನ್ನೂ ಮುಖಕ್ಕೆ ಮುಖ ಕೂಡಿಸಿ ಬಡಿದರೆ ನಡುವೆ ಗಾಳಿ ಸಿಕ್ಕಿ 'ಠಪ್' ಅಂತ ಸತ್ತ ಸದ್ದು ಬರುತ್ತದೆ. ಒಂದರ ಅಂಚು ಇನ್ನೊಂದರ ಅಂಚಿಗೆ ಓರೆಯಾಗಿ ತಾಕಲಿ. ಎಂಟು ಮಾತ್ರೆಯ (ಎಣಿಕೆಯ) ಕೆಹರವಾ ನಡೆಯುತ್ತಿದ್ದರೆ ಮೊದಲ ತಿಂಗಳು ಒಂದಕ್ಕೆ ಮತ್ತು ಐದಕ್ಕೆ ಮಾತ್ರ ಬಾರಿಸಿ: ಧಾ ಗೆ ನಾ ತಿ, ನಾ ಕೆ ಧಿ ನಾ. 'ಧಾ'ಕ್ಕೊಂದು, ಎರಡನೇ ಅರ್ಧದ 'ನಾ'ಕ್ಕೊಂದು, ಅಷ್ಟೇ. ದಾದರಾ ಆರು ಮಾತ್ರೆ, ಅಲ್ಲಿ ಒಂದಕ್ಕೆ ಮತ್ತು ನಾಲ್ಕಕ್ಕೆ. ಇಷ್ಟು ಕಡಿಮೆ ಬಾರಿಸಲು ನಾಚಿಕೆ ಅನಿಸಬಹುದು. ಮೇಳಕ್ಕೆ ಬೇಕಾಗಿರುವುದು ಅದೇ.

ಲಯ ಓಡುವ ಜಾಗವೂ ಗೊತ್ತಿರುವಂಥದ್ದೇ. ಮುಂದಿನವರು ಸಾಲು ಹಾಡುತ್ತಾರೆ, ಹಿಂದಿನವರು ಅದನ್ನೇ ಎತ್ತಿಕೊಳ್ಳುತ್ತಾರೆ. ಹುರುಪಿನಲ್ಲಿ ಹಿಮ್ಮೇಳ ಅರ್ಧ ಮಾತ್ರೆ ಮೊದಲೇ ಎತ್ತಿಕೊಂಡುಬಿಡುತ್ತದೆ. ಹತ್ತು ಸಲ ಹೀಗಾದರೆ ನಡಿಗೆ ಹೋಗಿ ಓಟ. ಭಕ್ತಿ ಏರಿದೆ ಅನ್ನುತ್ತಾರೆ ಕೆಲವರು, ಏರಿರುವುದು ಬರೀ ಲಯ. ಸಾಲು ಮುಗಿದ ಮೇಲೆ ಉಸಿರು ತೆಗೆದುಕೊಂಡು, ತಬಲಾದವರ ಕೈ ನೋಡಿ, ಸಮಕ್ಕೆ, ಅಂದರೆ ಸುತ್ತಿನ ಮೊದಲ ಮಾತ್ರೆಗೆ, ಎತ್ತಿಕೊಳ್ಳಿ.

ತಬಲಾ ನಮ್ಮ ಬಿಸಿಲಿಗೆ ಬೇರೆಯೇ ಪಾಡು ಪಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮನೆಯಲ್ಲಿ ಇಟ್ಟರೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಕೆಲವೊಮ್ಮೆ ಸೀಳಿಯೇ ಹೋಗುತ್ತದೆ. ಭಜನೆ ಮುಗಿದ ಮೇಲೆ ಗಟ್ಟಾಗಳನ್ನು (ಬಾರಿನ ಕೆಳಗೆ ಸಿಕ್ಕಿಸಿದ ಕಟ್ಟಿಗೆಯ ತುಂಡುಗಳನ್ನು) ಸುತ್ತಿಗೆಯಿಂದ ಮೆಲ್ಲಗೆ ಮೇಲೆ ಸರಿಸಿ ಸಡಿಲ ಮಾಡಿ, ದಪ್ಪ ಬಟ್ಟೆ ಸುತ್ತಿಡಿ. ಶ್ರಾವಣದಲ್ಲಿ ತದ್ವಿರುದ್ಧ: ಹಸಿಗಾಳಿಗೆ ಚರ್ಮ ಜೋತುಬಿದ್ದು ಶ್ರುತಿ ಇಳಿಯುತ್ತದೆ. ಆಗ ದೊಡ್ಡ ವ್ಯತ್ಯಾಸವಿದ್ದರೆ ಗಟ್ಟಾ ಕೆಳಗೆ, ಸಣ್ಣದಿದ್ದರೆ ಗಜರಾದ (ಚರ್ಮದ ಅಂಚಿನ ಹೆಣೆದ ಬಳೆಯ) ಮೇಲೆ ಹಗುರ ಪೆಟ್ಟು, ಒಂದೇ ಕಡೆ ಅಲ್ಲ, ಸುತ್ತಲೂ. ದಮ್ಮಡಿ, ಅಂದರೆ ಒಂದೇ ಮುಖಕ್ಕೆ ಚರ್ಮ ಬಿಗಿದ ಬಳೆಯಂಥ ವಾದ್ಯ, ಇದ್ದರೆ ಬೆಂಕಿಗೆ ದೂರ ಹಿಡಿದು ಕಾಯಿಸಿಕೊಳ್ಳಿ.

ಮೈಕಿನ ಬಗ್ಗೆ ನನ್ನ ಮಾತು ಕೆಲವರಿಗೆ ಸಿಟ್ಟು ತರಿಸಬಹುದು. ಹದಿನೈದು ಜನ ಕೂತ ಗುಡಿಯ ಕಟ್ಟೆಗೆ ಮೈಕ್ ಬೇಡವೇ ಬೇಡ. ಮೈಕ್ ಬಂದ ಕೂಡಲೇ ಇಬ್ಬರು ಹಾಡುಗಾರರಾಗುತ್ತಾರೆ, ಉಳಿದ ಹದಿಮೂರು ಜನ ಕೇಳುಗರಾಗುತ್ತಾರೆ. ಹೊಸಬರಿಗೆ ತಮ್ಮ ದನಿಯೇ ಕೇಳದಿದ್ದರೆ ಅದು ಶ್ರುತಿಗೆ ಕೂಡಿದೆಯೋ ಇಲ್ಲವೋ ತಿಳಿಯುವುದಾದರೂ ಹೇಗೆ? ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಬೇಕಾದರೆ ಇಟ್ಟುಕೊಳ್ಳಿ, ವಾರದ ಭಜನೆಗೆ ಬೇಡ.

ಕೂರುವುದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪೇಟಿ ಮತ್ತು ತಬಲಾ ಎದುರುಬದುರು, ಒಬ್ಬರ ಕೈ ಒಬ್ಬರಿಗೆ ಕಾಣಬೇಕು. ಏಕತಾರಿಯವರು ಹಾಡುವವರ ಕಿವಿಯ ಹತ್ತಿರ. ಹೊಸ ತಾಳದವರನ್ನು ಬಾಗಿಲ ಬಳಿ ಕೂಡಿಸುವ ರೂಢಿ ಇದೆ, ಅದನ್ನು ಬಿಡಿ. ಅವರ ಜಾಗ ತಬಲಾದವರ ಮಗ್ಗುಲಲ್ಲಿ. ಪದದ ವಹಿ ಒಂದೇ ಇದ್ದರೆ ಆ ವಾರದ ನಾಲ್ಕು ಪದವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಫೋಟೊ ತೆಗೆದು, ಹಿಂದಿನ ದಿನವೇ ವಾಟ್ಸಾಪಿಗೆ ಹಾಕಿ. ಪಕ್ಕದಲ್ಲಿ ಕಾಳಿ ಒಂದೋ ನಾಲ್ಕೋ ಅಂತಲೂ ಬರೆಯಿರಿ.