ಕುಪ್ಪಿಗಿಡ ನೋಡಿಲ್ವಾ?

ಬೆಕ್ಕುಗಳ ಕಥೆಯೊಂದರ ಮದ್ದಿನ ಗಿಡಗಳ ಬಗ್ಗೆ ನೀವು ಬರೆದದ್ದು ಓದಿದೆ. ಆ ಕಥೆಯ ಬೆಕ್ಕುಗಳ ಕುಲದಲ್ಲಿ ವೈದ್ಯ ಬೆಕ್ಕು ಕೆಮ್ಮಿಗೆ ಕೊಡುವ ಕ್ಯಾಟ್‌ಮಿಂಟ್‌ನಂಥದ್ದು (ಬೆಕ್ಕಿಗೆ ಅಮಲೇರಿಸುವ, ಪುದೀನ ಜಾತಿಯ ಗಿಡ) ನಮ್ಮ ಕರಾವಳಿಯಲ್ಲಿ ಇಲ್ಲ ಅಂದಿದ್ದೀರಿ. ನಾನು ಒಪ್ಪಲ್ಲ. ಮಣಿಪಾಲದ ನಮ್ಮ ಅಂಗಳದಲ್ಲಿ ಮಳೆ ಬಿದ್ದರೆ ಸಾಕು, ಕುಪ್ಪಿಗಿಡ ತಾನಾಗೇ ಏಳುತ್ತದೆ. ಅದರ ಎಲೆಯನ್ನು ಬೆಕ್ಕು ಮೂಸಿಯೂ ನೋಡುವುದಿಲ್ಲ. ಬೇರು ಸಮೇತ ಕಿತ್ತು ನೋಡಿ! ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಕಳೆ ಕೀಳುವಾಗ ನಮ್ಮ ಬೆಕ್ಕು ಮಣ್ಣು ಮೆತ್ತಿದ ಬೇರಿಗೆ ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ಅಂಗಾತ ಹೊರಳಾಡಿತು. ಕ್ಯಾಟ್‌ಮಿಂಟ್‌ನದ್ದೂ ಇದೇ ಅಮಲು, ಅಲ್ವಾ? ಕೆಮ್ಮು ವಾಸಿಯಾಗುವುದೆಲ್ಲ ಕಥೆಯಲ್ಲಿ ಮಾತ್ರ.

ಮತ್ತೆ, ಯುರೋಪಿನವರು ಗಾಯಕ್ಕೆ ಹಚ್ಚುವ ಮಾರಿಗೋಲ್ಡ್ ಅಂದರೆ ಕ್ಯಾಲೆಂಡುಲ. ಮಾರಿಗೋಲ್ಡ್ ಅಂತ ನೀವು ಬರೆದ ಗೊಂಡೆ ಹೂ ಬೇರೆಯೇ ಗಿಡ. ಸುಮ್ನೆ ಚೌತಿಯ ಮಾಲೆ ಬಿಚ್ಚಿ ಬೆಕ್ಕಿಗೆ ಅರೆದು ಹಚ್ಚಬೇಡಿ ಮಾರಾಯ್ರೆ!