ಕನ್ನಡಕ್ಕಾಗಿ ಎರಡು ಒತ್ತಿ, ದಾರಕ್ಕಾಗಿ?

ಬೇಡದ ಚಂದಾ ಒಂದನ್ನು ರದ್ದು ಮಾಡಿಸೋಣ ಅಂತ ಸಹಾಯವಾಣಿಗೆ ಫೋನ್ ಮಾಡಿದ್ದೆ. ಕನ್ನಡಕ್ಕಾಗಿ ಎರಡು ಒತ್ತಿದೆ, ಆಮೇಲೆ ನಾಲ್ಕು, ಆಮೇಲೆ ಒಂದು. ಇಪ್ಪತ್ತೆರಡು ನಿಮಿಷ ಕೊಳಲು ಕೇಳಿಸಿ, ಕೊನೆಗೆ ಮೊದಲಿನ ಹೆಣ್ಣುದನಿಯೇ ಮತ್ತೆ 'ಸುಸ್ವಾಗತ' ಅಂದಿತು.

ಇಂಥದ್ದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಲ್ಯಾಬಿರಿಂಥೈನ್, ಅಂದರೆ ಲ್ಯಾಬಿರಿಂತ್ ಎಂಬ ಸುತ್ತುದಾರಿಯ ಜಾಲದಂಥದ್ದು. ಆಹಾ, ಎಂಥ ಪದ! ಹಚ್ಚಿದರೆ ಸಾಕು, ಧೂಳು ತಿನ್ನುವ ಕಡತಕ್ಕೂ ಗ್ರೀಕ್ ಪುರಾಣದ ಕಳೆ. ನಾವು 'ಸುತ್ತಿಸಿ ಸಾಯಿಸ್ತಾರೆ' ಅಂದರೆ ಗೊಣಗಾಟ, ಅವರು ಲ್ಯಾಬಿರಿಂಥೈನ್ ಅಂದರೆ ವಿಶ್ಲೇಷಣೆ. ಬಾಲವನ್ನು ಥೈನ್, ಥೀನ್, ಥಿನ್ ಎಂದು ಹೇಗೆ ಎಳೆದರೂ ನಿಘಂಟಿನ ತಕರಾರಿಲ್ಲ. ಉಚ್ಚಾರಣೆಗೇ ಮೂರು ದಾರಿ!

ಮೂಲ ಲ್ಯಾಬಿರಿಂತ್ ಕ್ರೀಟ್ ದ್ವೀಪದ್ದು. ಮಿನೋಸ್ ದೊರೆ ಕಟ್ಟಿಸಿದ, ಡೀಡಲಸ್ ಕಟ್ಟಿದ, ಒಳಗೆ ಗೂಳಿತಲೆಯ ಮಿನೋಟಾರ್. ಅದನ್ನು ಕೊಂದ ಥೀಸಿಯಸ್ ಹೊರಬಂದದ್ದು ಅರಿಯಾಡ್ನೆ ಕೊಟ್ಟ ದಾರದುಂಡೆಯಿಂದ. ಪತ್ತೇದಾರರು ಹುಡುಕುವ 'ಕ್ಲೂ' ಹುಟ್ಟಿದ್ದೂ ದಾರದುಂಡೆ ಎಂಬರ್ಥದ ಹಳೇ ಇಂಗ್ಲಿಷ್ ಪದದಿಂದಲೇ. ನಮ್ಮ ಅಭಿಮನ್ಯುವಿಗೆ ಪಾಪ, ದಾರವೂ ಇರಲಿಲ್ಲ. ಹೊಗುವುದಷ್ಟೇ ಗೊತ್ತಿತ್ತು. ಚಂದಾದಾರರ ಕುಲದೇವರು ಅವನೇ ಇರಬೇಕು.

ತಮಾಷೆ ಅಂದರೆ, ಕ್ರೀಟಿನ ಕ್ನೋಸಸ್ ನಾಣ್ಯಗಳ ಮೇಲಿನ ಏಳುಸುತ್ತಿನ ಲ್ಯಾಬಿರಿಂತ್‌ನಲ್ಲಿ ಕವಲೇ ಇಲ್ಲ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್ ನೆಲದ ಮೇಲಿರುವ 11 ಸುತ್ತಿನದ್ದೂ ಹಾಗೆಯೇ. ಕಾಲು ಸೋಲಬಹುದು, ದಾರಿ ತಪ್ಪುವುದಿಲ್ಲ; ಸುತ್ತಿ ಸುತ್ತಿ ನಡುವಿಗೆ ಮುಟ್ಟಿಸುತ್ತದೆ. ಸಹಾಯವಾಣಿಯನ್ನು ಲ್ಯಾಬಿರಿಂಥೈನ್ ಅನ್ನುವುದು ಕ್ರೀಟಿಗೆ ಮಾಡುವ ಅವಮಾನ.

ಹೋಗಲಿ, ಪದದ ಮೇಲೆ ನನಗೇನೂ ಹಗೆಯಿಲ್ಲ. 'ಪ್ರಕ್ರಿಯೆ ಲ್ಯಾಬಿರಿಂಥೈನ್ ಆಗಿಬಿಟ್ಟಿದೆ' ಅಂತಾರಲ್ಲ, ಆ 'ಆಗಿಬಿಟ್ಟಿದೆ'ಗೆ ಮೈ ಉರಿಯುತ್ತದೆ. ಹುತ್ತ ಬೆಳೆದ ಹಾಗೆ ತಾನಾಗಿ ಬೆಳೆಯಿತೇ? ಯಾರೋ ಕೂತು ಯೋಚಿಸಿ, ಇಷ್ಟು ಸುತ್ತಿಸಿದರೆ ಇವರೇ ಬೇಸತ್ತು ಫೋನ್ ಇಡುತ್ತಾರೆ ಅಂತ ಲೆಕ್ಕಹಾಕಿ ಕಟ್ಟಿದ್ದು. ವಯಸ್ಸಾದವರು ಕನ್ನಡಕ ಹುಡುಕಿ ಅಂಕಿ ಒತ್ತುವಷ್ಟರಲ್ಲಿ 'ಸಮಯ ಮೀರಿದೆ' ಅನ್ನಿಸುವುದೂ ಅವರದೇ ಕೈಚಳಕ. ಕ್ರೀಟಿನ ಕತೆಯಲ್ಲಿ ಕಟ್ಟಿದವನ ಹೆಸರಾದರೂ ಇದೆ. ಮುಂದೆ ಮಿನೋಸ್ ಅವನನ್ನೇ ಮಗನ ಸಮೇತ ಅದರೊಳಗೆ ಕೂಡಿಹಾಕಿದ ಅಂತಲೂ ಒಂದು ಪಾಠವಿದೆ. ಓದಿದಾಗೆಲ್ಲ ನನಗೆ ಸ್ವಲ್ಪ ನಿದ್ದೆ ಬರುತ್ತದೆ, ಹಾಯಾಗಿ.

ಈ ತಿಂಗಳೂ ಚಂದಾ ಹಣ ಕಡಿತವಾಯಿತು. ಬೆಳಗ್ಗೆ ಆರಕ್ಕೇ ಸಂದೇಶ ಬಂದಿತ್ತು. ಒಂದೇ ಸಾಲು, ಎಲ್ಲೂ ತಿರುವಿಲ್ಲ.