ಕುತ್ತಿಗೆಯ ಇಂಬಳ

ನಾನು ಹಾಸನದ ಒಂದು ಕಂಪನಿಯಲ್ಲಿ ಮ್ಯಾನೇಜರ್. ಕೈಕೆಳಗೆ ಹನ್ನೊಂದು ಜನ. ಅವರಲ್ಲಿ ಒಬ್ಬರೂ ನನ್ನ ಮಾತು ಕೇಳುವುದಿಲ್ಲ ಅನ್ನುವುದು ಮೇಲಿನವರ ಕಿವಿಗೆ ಹೇಗೋ ಬಿದ್ದು, ಆರು ತಿಂಗಳ ನಾಯಕತ್ವ ತರಬೇತಿಗೆ ಹೆಸರು ಹಾಕಿಬಿಟ್ಟರು. ಮೊದಲು ಮೂರು ದಿನ ಹೋಮ್‌ಸ್ಟೇ ವಾಸ. ಆಮೇಲೆ ಹದಿನೈದು ದಿನಕ್ಕೊಮ್ಮೆ ಫೋನಿನಲ್ಲಿ ಕೋಚ್. ನಡುನಡುವೆ ಆನ್‌ಲೈನ್ ಪಾಠ.

ಹೋಮ್‌ಸ್ಟೇ ಇದ್ದದ್ದು ಚಿಕ್ಕಮಗಳೂರಿನಾಚೆ, ಮುಳ್ಳಯ್ಯನಗಿರಿ ಕಡೆಯ ಕಾಫಿ ತೋಟದಲ್ಲಿ. ಜುಲೈ ತಿಂಗಳು. 1,930 ಮೀಟರ್ ಎತ್ತರದ ಬೆಟ್ಟ ಎದುರಿಗೇ ಇದೆ ಅಂದರು. ಮೂರು ದಿನವೂ ಕಂಡದ್ದು ಮಂಜು ಮಾತ್ರ. ದೂರದೃಷ್ಟಿ ಕಲಿಸಲು ಈ ಜಾಗ, ಈ ತಿಂಗಳು ಯಾರಿಗೆ ಹೊಳೆಯಿತೋ!

ಎರಡನೇ ದಿನ ಜೋಹರಿ ಕಿಟಕಿಯ ಪಾಠ. ಜೈಪುರದ ಯಾವುದೋ ಅರಮನೆಯದ್ದು ಅಂದುಕೊಂಡಿದ್ದೆ. ಅಲ್ಲವಂತೆ. 1955ರಲ್ಲಿ ಅಮೆರಿಕದ ಜೋಸೆಫ್ ಲಫ್ಟ್ ಮತ್ತು ಹ್ಯಾರಿ ಇಂಗಮ್ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ್ದು. ಜೋ, ಹ್ಯಾರಿ ಸೇರಿ ಜೋಹರಿ. ಅದಕ್ಕೆ ನಾಲ್ಕು ಮನೆ. ನನಗೂ ಊರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಊರಿಗೆಲ್ಲ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು, ಯಾರಿಗೂ ಗೊತ್ತಿಲ್ಲದ್ದು.

ಮೂರನೇ ಮನೆಯ ಬಗ್ಗೆ ನಾನು ಎದ್ದು ನಿಂತು ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಆಫೀಸಿನಲ್ಲಿ ಯಾರೂ ಹೀಗೆ ನೋಡಿದ್ದಿಲ್ಲ. ಹುರುಪು ಬಂದು ಇನ್ನೂ ಐದು ನಿಮಿಷ ಎಳೆದೆ. ಕೊನೆಗೆ ಬಾಗಿಲಲ್ಲಿ ನಿಂತಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ಬಾಯಿಬಿಟ್ಟರು. "ಸಾರ್, ಕುತ್ತಿಗೆ ಮೇಲೆ ಇಂಬಳ."

ಇಂಬಳ ಅಂದರೆ ರಕ್ತ ಹೀರುವ ಜಿಗಣೆ. ಬೆಳಿಗ್ಗೆ ತೋಟ ಸುತ್ತುವಾಗ ಹತ್ತಿದ್ದು. ಕುಡಿದು ಕುಡಿದು ದ್ರಾಕ್ಷಿಯಷ್ಟಾಗಿತ್ತು. ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ನೋಡಿ. ಬಿಡಿಸಿದ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ಗುಣ ಅದರ ಜೊಲ್ಲಿನಲ್ಲೇ ಇದೆ. ರೈಟರ್ ಸುಣ್ಣ ಹಚ್ಚಿದರು. ಟ್ರೈನರ್ ಖುಷಿಯಿಂದ ಬೋರ್ಡಿನ ಮೂರನೇ ಮನೆಯೊಳಗೆ ಒಂದು ಇಂಬಳದ ಚಿತ್ರ ಬರೆದರು.

ಇನ್ನು ಕೋಚ್. ಅವರು ಉತ್ತರ ಹೇಳುವುದಿಲ್ಲ, ಬರೀ ಪ್ರಶ್ನೆ ಕೇಳುತ್ತಾರೆ. ಗುರಿ ಏನು, ಈಗ ಎಲ್ಲಿದ್ದೀರಿ, ದಾರಿಗಳು ಯಾವುವು, ಏನು ಮಾಡುತ್ತೀರಿ. ಒಮ್ಮೆ ನಾನು ಸಂತೆಯಲ್ಲಿದ್ದಾಗ ಫೋನ್ ಬಂತು.

"ನಿಮಗೆ ನಿಜವಾಗಿ ಏನು ಬೇಕು?"

"ಅರ್ಧ ಕೆಜಿ ಬೀನ್ಸ್," ಅಂದೆ, ತರಕಾರಿಯವಳಿಗೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ಏನು ಅಡ್ಡ ಬರುತ್ತಿದೆ?" ಅಂದರು.

ಆನ್‌ಲೈನ್ ಪಾಠದ್ದೇ ಬೇರೆ ಕಥೆ. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಪಾಠ ಅರ್ಧಕ್ಕೇ ಬಿಟ್ಟು ಆಫೀಸಿಗೆ ಹೋಗಿದ್ದೆ. ಅಮ್ಮ ಹೈಸ್ಕೂಲ್ ಟೀಚರಾಗಿ ರಿಟೈರ್ ಆದವರು. ಉತ್ತರ ಬರೆಯದ ಪ್ರಶ್ನೆ ಕಣ್ಣೆದುರಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಕೂತು ಬರೆದರು. ಹತ್ತಕ್ಕೆ ಹತ್ತು. ಅಂದಿನಿಂದ ಮಧ್ಯಾಹ್ನದ ಸೀರಿಯಲ್ ಬಿಟ್ಟು ಅದನ್ನೇ ಹಿಡಿದರು. ನಾನೂ ಬೇಡ ಅನ್ನಲಿಲ್ಲ. ಕಿಟಕಿಯ ಎರಡನೇ ಮನೆ ಇರುವುದೇ ಇಂಥದ್ದಕ್ಕೆ ಅಲ್ವಾ?

ಕಳೆದ ವಾರ ಕೋಚ್ ಫೋನ್ ಮಾಡಿ, "ನಿಮ್ಮ ಮಾರ್ಕ್ಸ್ ನೋಡಿ ತುಂಬ ಸಂತೋಷವಾಯಿತು. ಯಾವ ಪಾಠ ಜಾಸ್ತಿ ಹಿಡಿಸಿತು?" ಅಂದರು. ನಾನು ಸ್ಪೀಕರ್ ಹಾಕಿಕೊಂಡು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. "ಅದು... ಎಲ್ಲವೂ..." ಅಂತ ತಡವರಿಸಿದೆ.

"ಬೇರೆಯವರ ಕೈಲಿ ಕೆಲಸ ಮಾಡಿಸೋದು ಹೇಗೆ ಅಂತ ಇತ್ತಲ್ಲೋ, ಏಳನೇ ಪಾಠ, ಅದನ್ನ ಹೇಳು!" ಅಂದರು ಅಮ್ಮ, ಒಗ್ಗರಣೆ ಹಾಕುತ್ತಾ.

ಆ ಕಡೆ ಸದ್ದಿಲ್ಲ. ಆಮೇಲೆ ಕೋಚ್, "ಸ್ವಲ್ಪ ಅಮ್ಮನ ಹತ್ತಿರ ಕೊಡಿ," ಅಂದರು.